ನಾಲ್ಕು ಗಂಟೆಯ ಹೂಂ

ಜೂನ್ ೩, ಸೋಮವಾರ

ಮತ್ತೆ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಡ್ಯೂಟಿ. ಆರು ಬೆಡ್ಡಿಗೆ ಬಿಪಿ, ನಾಲ್ಕು ಬೆಡ್ಡಿಗೆ ಇಂಜೆಕ್ಷನ್, ಎರಡು ಬೆಡ್ಡಿನಿಂದ ಬೈಗುಳ. ನಮ್ಮ ಮೂರನೇ ವಾರ್ಡ್ ಅಂದರೆ ತಲೆಗೆ ಸಂಬಂಧಿಸಿದ್ದೆಲ್ಲ ಬಂದು ಬೀಳುವ ಜಾಗ — ಕುಡಿತ ಬಿಡಲು ಬಂದವರು, ಫಿಟ್ಸಿನವರು, ಪಾರ್ಶ್ವವಾಯು ಹೊಡೆದವರು, ಯಾರೂ ಇಲ್ಲದ ಕಡೆ ತಿರುಗಿ ಜಗಳ ಆಡುವವರು. ಒಂಬತ್ತನೇ ಬೆಡ್ಡಿನ ತಾತ ಇವತ್ತೂ ಮಾತ್ರೆಯನ್ನು ನಾಲಿಗೆ ಕೆಳಗೆ ಅಡಗಿಸಿಕೊಂಡಿದ್ದ. "ಬಾಯಿ ತೆಗೀರಿ ತಾತ" ಅಂದೆ. "ಮೊದ್ಲು ನೀನು ತೆಗಿ" ಅಂದ. ತೆಗೆದೆ. ಅವನೂ ತೆಗೆದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಕಲಿತ ವಿದ್ಯೆ ಇಷ್ಟೇ.

ಐದನೇ ಬೆಡ್ಡಿನ ಮೇಸ್ತ್ರಿ ದಿನೇ ದಿನೇ ಚೇತರಿಸಿಕೊಳ್ಳುತ್ತಿದ್ದಾನೆ. ಮನೆ ಕಟ್ಟುವ ಮೇಸ್ತ್ರಿ. ಬಂದು ಏಳನೇ ವಾರ. ಬಲಗೈ ಬಲಗಾಲು ಬಿದ್ದುಹೋಗಿ ಬಂದ, ಜೊತೆಗೆ ಕುಡಿತ ತಟ್ಟನೆ ನಿಂತ ನಡುಕ. ಮೊದಲ ವಾರ ಕೈ ಕಟ್ಟಬೇಕಾಯಿತು. ಈಗ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾನೆ. ಮಾತು ಮಾತ್ರ ಹೋಯಿತು. ಉಳಿದದ್ದು ಒಂದೇ — ಹೂಂ. ಎಡಗೈ ಗೆಣ್ಣಿನಿಂದ ವಾರ್ಡಿನ ಗೋಡೆ ತಟ್ಟುತ್ತಾನೆ, ಟೊಳ್ಳು ಸದ್ದು ಕೇಳಿ ಮುಖ ಕಿವುಚುತ್ತಾನೆ. ಕಟ್ಟಿದವನಿಗೆ ದಿನಾ ಸಹಸ್ರನಾಮ, ಕಣ್ಣಲ್ಲೇ.

ಅವನ ಹೆಂಡತಿಯನ್ನು ಅಕ್ಕ ಎನ್ನುತ್ತೇನೆ. ಏಳು ವಾರದಿಂದ ಆ ಸ್ಟೂಲ್ ಬಿಟ್ಟು ಕದಲಿಲ್ಲ. ಇಂಥವರು ಈಗ ಎಲ್ಲಿ ಸಿಗುತ್ತಾರೆ?

ಜೂನ್ ೫, ಬುಧವಾರ

ಅಕ್ಕ ಬೆಳಿಗ್ಗೆಯೇ ಗೊಂದಲದಲ್ಲಿದ್ದರು. "ಸಿಸ್ಟರ್, ನಿನ್ನೆ ಸಾಯಂಕಾಲ ತಲೆ ನೋಯ್ತಿದೆಯಾ ಅಂದೆ, ಹೂಂ ಅಂದ್ರು. ನೋವಿಲ್ವಾ ಅಂದೆ, ಅದಕ್ಕೂ ಹೂಂ. ನಾನು ಏನಂತ ತಿಳ್ಕೊಳ್ಲಿ?"

ಹೇಳಿಕೊಟ್ಟೆ. ಬೆಳಿಗ್ಗೆ ಮೇಸ್ತ್ರಿಯ ಮಿದುಳು ತಾಜಾ. ಹೌದಾದರೆ ಹೂಂ, ಅಲ್ಲವಾದರೆ ತಲೆ ಅಲ್ಲಾಡಿಸುತ್ತಾನೆ. ಮಧ್ಯಾಹ್ನದ ವ್ಯಾಯಾಮ ಮುಗಿಯಿತೋ, ಎಣ್ಣೆ ತೀರಿದ ದೀಪ. ನಾಲ್ಕು ಗಂಟೆಯ ಹೊತ್ತಿಗೆ ಏನು ಕೇಳಿದರೂ ಹೂಂ. ಅದು ಒಪ್ಪಿಗೆ ಅಲ್ಲ, ಬರೀ ಸದ್ದು.

ಹತ್ತು ಗಂಟೆಗೆ ತೋರಿಸಿದೆ. "ಮೇಸ್ತ್ರಿಗಳೇ, ನಾನು ನಿಮ್ಮ ಅತ್ತೆನಾ?" ಅರ್ಧ ಬಾಯಲ್ಲಿ ನಕ್ಕು ತಲೆ ಅಲ್ಲಾಡಿಸಿದ. ನಾಲ್ಕಕ್ಕೆ ಅದೇ ಪ್ರಶ್ನೆ. "ಹೂಂ." ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಹಾಗಾದ್ರೆ ಮುಖ್ಯವಾದ್ದು ಏನೇ ಇದ್ರೂ ಬೆಳಿಗ್ಗೇನೇ ಕೇಳ್ಬೇಕು?"

"ಬೆಳಿಗ್ಗೆ. ಅದೂ ಎರಡು ಸಲ, ತಿರುಗಿಸಿ."

ಚುರುಕು ಹೆಂಗಸು. ಒಂದೇ ಸಲಕ್ಕೆ ಹಿಡಿದುಬಿಟ್ಟರು. ಡಬ್ಬಿ ಊಟ ಹಂಚಿಕೊಂಡು ತಿಂದೆವು. ಯಾಕೋ ಅಮ್ಮನ ವಿಷಯ ಬಂತು. ಅಮ್ಮ ಹೋದಾಗ ನಾನು ಡ್ಯೂಟಿಯಲ್ಲಿದ್ದದ್ದು, ಬೇರೆಯವರ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದದ್ದು… ನಮ್ಮವರ ಹತ್ತಿರವೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಅತ್ತುಬಿಟ್ಟೆ. ಅಕ್ಕ ಬೆನ್ನು ಸವರಿದರು.

ಜೂನ್ ೮, ಶನಿವಾರ

ರಜೆ. ಬಟ್ಟೆ, ಪಾತ್ರೆ, ಮಗಳ ಮುನಿಸು. ನಮ್ಮವರು — "ಈಗ ಬಾಯಿ ತೆಗೆದ್ರೆ ಅಕ್ಕ, ಅಕ್ಕ, ಅಕ್ಕ. ನಮ್ಮಕ್ಕ ಬಂದಾಗ ಮಾತ್ರ ನಿಂಗೆ ತಲೆನೋವು." ಸುಳ್ಳೇನಲ್ಲ.

ಜೂನ್ ೧೧, ಮಂಗಳವಾರ

ಮೇಸ್ತ್ರಿ ಮೆಟ್ಟಿಲು ಹತ್ತಿದ! ವ್ಯಾಯಾಮದ ಕೋಣೆಯ ಮರದ ಮೆಟ್ಟಿಲು, ನಾಲ್ಕು. ಅವರ ಮನೆಗೆ ಆರು. ಇಳಿಯುವಾಗ ಫಿಸಿಯೋ ಹುಡುಗನ ಭುಜ ಹಿಡಿದ ಹಿಡಿತಕ್ಕೆ ಅವನೇ "ಅಯ್ಯಯ್ಯೋ" ಅಂದ.

ಬೆಳಿಗ್ಗೆಯೇ ಕೇಳಿದ್ದೆ, ಎರಡೂ ರೀತಿ. ಮನೆಗೆ ಹೋಗಬೇಕಾ? ಹೂಂ. ಇಲ್ಲೇ ಇದ್ದುಬಿಡ್ತೀರಾ? ತಲೆ ಅಲ್ಲಾಡಿಸಿದ ರಭಸಕ್ಕೆ ದಿಂಬು ಕೆಳಗೆ ಬಿತ್ತು.

"ಇಪ್ಪತ್ತೊಂದನೇ ತಾರೀಕು, ಶುಕ್ರವಾರ. ಮನೆಗೆ ಕಳಿಸ್ತೀನಿ. ನಾನು ಹೇಳ್ತಿದ್ದೀನಲ್ಲ" ಅಂದೆ. ಎಡಗೈಯಿಂದ ನನ್ನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದರು. ದಣಿದಿದ್ದಾರೆ, ಪಾಪ.

ಜೂನ್ ೧೪, ಶುಕ್ರವಾರ. ಸಂಜೆ ೬

ಸಾಕಪ್ಪಾ ಸಾಕು. ಎರಡನೇ ಬೆಡ್ಡಿಗೆ ಹೊಸಬ, ಕುಡಿತ ನಿಂತು ಮೂರನೇ ದಿನ. ಹಾಸಿಗೆ ತುಂಬ ಇರುವೆ ಅಂತ ಕೂಗಿ, ಡ್ರಿಪ್ ಕಿತ್ತು ಬಿಸಾಕಿದ. ಗೋಡೆಯ ಮೇಲೆಲ್ಲ ರಕ್ತ. ಮೂರು ಜನ ಹಿಡಿದೆವು. ನನ್ನ ಮೊಣಕೈಗೆ ಒದೆ.

ಅದೇ ಹೊತ್ತಿಗೆ ಅಕ್ಕ ಕಾಗದ ಹಿಡಿದು ಬಂದರು. "ಡಿಸ್ಚಾರ್ಜ್ ಕಾಗದ ಸಿಸ್ಟರ್. ಸೋಷಿಯಲ್ ವರ್ಕರ್ ಕೇಳಿದ್ರು, ಇವ್ರು ಹೂಂ ಅಂದ್ರು. ಸಾಕ್ಷಿಗೆ ನಿಮ್ಮದೊಂದು ಸಹಿ." ಒಂದು ಕೈಯಲ್ಲಿ ಹೊಸಬನ ರಟ್ಟೆ, ಇನ್ನೊಂದರಲ್ಲಿ ಪೆನ್ನು. ಹಾಕಿ ಕೊಟ್ಟೆ. ಅಂತೂ ಮೇಸ್ತ್ರಿ ಮನೆ ಸೇರುತ್ತಾನೆ. ಒಂದು ಸಮಾಧಾನ.

ಜೂನ್ ೧೭, ಸೋಮವಾರ. ಮಧ್ಯಾಹ್ನ

ಮೇಸ್ತ್ರಿಯ ಕಾಗದ ಇವತ್ತು ಓದಿದೆ.

ಫೈಲು ತೆಗೆದೆ, ಮಾತ್ರೆ ಚೀಟಿ ಸೇರಿಸೋಣ ಅಂತ. ಮನೆಗೆ ಅಲ್ಲ. ಊರಾಚೆಯ ಆರೈಕೆ ಕೇಂದ್ರಕ್ಕೆ, ಕಾಯಂ. "ರೋಗಿಯ ಒಪ್ಪಿಗೆ: ಇದೆ. ಸಮಯ: ೪.೧೦." ಕೆಳಗೆ ಸಾಕ್ಷಿ. ನನ್ನ ಸಹಿ. ದುಂಡಗೆ, ಬಾಲ ಎಳೆದು.

ಸೋಷಿಯಲ್ ವರ್ಕರ್ ಹುಡುಗಿ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿಲ್ಲ. ಓಡಿದೆ ಅವಳ ಹತ್ತಿರ. "ನಾನು ಬೆಳಿಗ್ಗೆ ಬರ್ತೀನಿ ಅಂದೆ ಮೇಡಂ. ಮೇಸ್ತ್ರಿಯವರ ಹೆಂಡತೀನೇ ನಾಲ್ಕು ಗಂಟೆಗೆ ಬನ್ನಿ ಅಂದ್ರು. ಆಗಲೇ ಚೆನ್ನಾಗಿ ಉತ್ತರ ಕೊಡ್ತಾರೆ, ಸಿಸ್ಟರೇ ಹೇಳಿದ್ದಾರೆ ಅಂದ್ರು."

ಸಿಸ್ಟರೇ ಹೇಳಿದ್ದಾರೆ!

ಅದೇ ದಿನ. ಸಂಜೆ

ಬಟ್ಟೆ ಒಗೆಯುವ ಕೋಣೆಯ ಹಿಂದೆ ಸಿಕ್ಕಳು. ಇನ್ನು ಮೇಲೆ ಅವಳು. ಅಕ್ಕ ಅಲ್ಲ.

"ನನಗೆ ಮೋಸ ಮಾಡಿದ್ರಿ" ಅಂದೆ. ಬೈಯಬೇಕೆಂದು ಎಷ್ಟೋ ಸೇರಿಸಿಟ್ಟುಕೊಂಡು ಹೋಗಿದ್ದೆ, ಬಂದದ್ದು ಇಷ್ಟೇ.

ಅಲ್ಲಗಳೆಯಲಿಲ್ಲ. ಬಲಗೈ ಎತ್ತಿದಳು. ಭುಜದವರೆಗೆ ಬಂತು, ಅಲ್ಲಿಗೆ ನಿಂತಿತು. "ಇದಕ್ಕಿಂತ ಮೇಲೆ ಹೋಗಲ್ಲ. ಎಂಟು ವರ್ಷ ಆಯ್ತು. ಕುಡಿದು ಬಂದಾಗ ಬಾಗಿಲು ತೆಗೆಯೋದು ತಡ ಆಯ್ತು ಅಂತ."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವು ಡಾಕ್ಟರಿಗೆ ಹೇಳ್ತಿದ್ರಿ. ಅವರು ಇಬ್ಬರನ್ನೂ ಎದುರೆದುರು ಕೂರಿಸಿ, ಈಗ ಕುಡಿತ ಬಿಟ್ಟಿದ್ದಾರಲ್ಲಮ್ಮಾ, ಹೊಂದಿಕೊಂಡು ಹೋಗಿ ಅಂತಿದ್ರು. ಇವ್ರ ಆ ಎಡಗೈ ನೋಡಿ ಸಿಸ್ಟರ್. ನೀವೆಲ್ಲ ಸೇರಿ ಎಷ್ಟು ಗಟ್ಟಿ ಮಾಡಿದ್ದೀರಿ."

"ಹಾಗಂತ ಬಾಯಿಲ್ಲದವನ ಬಾಯಲ್ಲಿ—"

"ಇಪ್ಪತ್ತೆರಡು ವರ್ಷ ನಾನೂ ಹೂಂ ಅಂದಿದ್ದೀನಿ. ತಿರುಗಿಸಿ ಯಾರು ಕೇಳಿದ್ರು?"

ಅಳಲಿಲ್ಲ. ಬಕೆಟ್ ಎತ್ತಿಕೊಂಡು ಹೋದಳು, ಎಡಗೈಯಲ್ಲಿ. ಇಷ್ಟು ವಾರ ಅವಳು ಎಡಗೈಯಲ್ಲೇ ಎಲ್ಲ ಎತ್ತುತ್ತಿದ್ದದ್ದನ್ನು ನೋಡಿದ್ದೇನೆ. ಮೂಳೆ ಸವೆದಿದೆ ಅಂದಿದ್ದಳು, ನಂಬಿದ್ದೆ. ನಾನೂ ಒಬ್ಬಳು ನರ್ಸು.

ಅವಳ ಕಷ್ಟ ನಿಜ. ನನಗೆ ಮಾಡಿದ್ದೂ ನಿಜ. ನಾನು ಕಲಿಸಿದ್ದನ್ನೇ ಹಿಡಿದು ನನ್ನ ಕೈಯಿಂದಲೇ ಮಾಡಿಸಿದಳು. ಅಮ್ಮನಿಗಾಗಿ ಅತ್ತದ್ದು ನೆನೆದರೆ ಮೈ ಉರಿಯುತ್ತದೆ. ಬೆನ್ನು ಸವರಿದ ಆ ಕೈ…

ಜೂನ್ ೧೮, ಮಂಗಳವಾರ

ಡಾಕ್ಟರಿಗೆ ಹೇಳಿದೆ. ಓದದೆ ಸಹಿ ಹಾಕಿದ್ದೂ ಹೇಳಿದೆ. ದೊಡ್ಡ ಸಿಸ್ಟರ್ ಎಲ್ಲರೆದುರು ಚೆನ್ನಾಗಿ ಬೆಂಡೆತ್ತಿದರು, ಮೆಮೋನೂ ಬರುತ್ತದಂತೆ. ಬರಲಿ.

ಹತ್ತು ಗಂಟೆಗೆ ಡಾಕ್ಟರೇ ಕೇಳಿದರು. ಆರೈಕೆ ಕೇಂದ್ರಕ್ಕೆ ಹೋಗ್ತೀರಾ? ಮೇಸ್ತ್ರಿ ತಲೆ ಅಲ್ಲಾಡಿಸಿದ. ಮನೆಗೆ? "ಹೂಂ." ಮತ್ತೆ ತಿರುಗಿಸಿ ಕೇಳಿದರು, ಅದೇ ಉತ್ತರ. ಕಾಗದ ರದ್ದು. ಅವಳು ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಗೆದ್ದೆ ಅನ್ನಿಸಿತು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು.

ಅವಳ ಕೈಯ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಅವಳೇ ಹೇಳಿಕೊಳ್ಳಲಿ ಅಂತ ಬಿಟ್ಟೆ. ಸಿಟ್ಟಿತ್ತು.

ಜೂನ್ ೨೦, ಗುರುವಾರ

ನಿನ್ನೆ ಅವಳು ಬರಲಿಲ್ಲ. ಇವತ್ತೂ ಇಲ್ಲ. ಫೋನ್ ಸ್ವಿಚ್ ಆಫ್. ಮೇಸ್ತ್ರಿ ಯಾರ ಹೆಜ್ಜೆ ಸದ್ದಾದರೂ ಬಾಗಿಲ ಕಡೆ ತಿರುಗುತ್ತಾನೆ.

ಸೋಷಿಯಲ್ ವರ್ಕರ್ ಹುಡುಗಿ ಮನೆಗೇ ಹೋಗಿಬಂದಳು. ಬಾಡಿಗೆ ಮನೆಯಂತೆ, ನಮಗೆ ಗೊತ್ತೇ ಇರಲಿಲ್ಲ. ಬೀಗ. ಮಾಲೀಕರು ಹೇಳಿದರಂತೆ — ನಿನ್ನೆ ಬೆಳಿಗ್ಗೆಯೇ ಖಾಲಿ ಮಾಡಿ ಕೀ ಕೊಟ್ಟುಹೋದಳು, ಎಲ್ಲಿಗೆ ಅಂತ ಹೇಳಲಿಲ್ಲ.

ಆ ಕಾಗದ ಇದ್ದಿದ್ದರೆ ಅವನನ್ನು ಒಂದು ಕಡೆ ಸೇರಿಸಿ, ಆಗಾಗ ಬಂದು ನೋಡುತ್ತಿದ್ದಳೇನೋ. ಈಗ ಅದೂ ಇಲ್ಲ. ಇದನ್ನು ಯಾರ ಹತ್ತಿರ ಹೇಳಲಿ? ನಮ್ಮವರು "ನೀನು ಸರಿಯಾಗೇ ಮಾಡಿದ್ದೀಯ ಬಿಡು" ಅಂದರು. ಅವರ ಮೇಲೆ ಹರಿಹಾಯ್ದೆ.

ಜೂನ್ ೨೧, ಶುಕ್ರವಾರ. ಬೆಳಿಗ್ಗೆ ೯.೪೦

ಮೇಸ್ತ್ರಿ ತಾನೇ ಗಡ್ಡ ಹೆರೆದುಕೊಂಡಿದ್ದಾನೆ, ಎಡಗೈಯಲ್ಲಿ. ಗಲ್ಲದ ಮೇಲೆ ಎರಡು ಗೀರು. ಅಂಗಿಯ ಗುಂಡಿ ಎಲ್ಲ ಹಾಕಿ ಆಗಿದೆ. ಚೀಲ ತೊಡೆಯ ಮೇಲೆ. ಶುಕ್ರವಾರ ಅಂತ ನಾನೇ ತಾನೇ ಹೇಳಿದ್ದು.

ಬೇರೆ ದಾರಿ ಇಲ್ಲ, ಆ ಕೇಂದ್ರಕ್ಕೇ. ಹೊಸ ಒಪ್ಪಿಗೆ ಬೇಕು. ಡಾಕ್ಟರ್ ಕರೆದು ಹೇಳಿದರು, "ಸಿಸ್ಟರ್, ನೀವೇ ಕೇಳಿ. ಅವರು ನಂಬೋದು ನಿಮ್ಮೊಬ್ಬರನ್ನೇ. ಮೊದಲು ಹೆಂಡತಿ ಹೋಗಿದ್ದು ಹೇಳಿ, ಆಮೇಲೆ ಕೇಂದ್ರದ ವಿಷಯ ಕೇಳಿ. ಹತ್ತು ಗಂಟೆಗೆ ಮುಗಿಸಿಬಿಡೋಣ."

"ಬೆಳಿಗ್ಗೆ ಸ್ವಲ್ಪ ಕೆಲಸ ಜಾಸ್ತಿ ಇದೆ ಸರ್" ಅಂದೆ. "ಸಾಯಂಕಾಲ ನಾಲ್ಕಕ್ಕೆ ಕೇಳಲಾ?"

ಡಾಕ್ಟರ್ ನನ್ನ ಮುಖವನ್ನೇ ನೋಡಿದರು. ಆಗ ಗೊತ್ತಾಯಿತು ಏನಂದೆ ಅಂತ. ಥೂ. ನನ್ನ ಬಾಯಿಂದಲೇ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದೇನೆ. ಅವನು ಈಗ ಪೂರ್ತಿ ಎಚ್ಚರ. ಏನು ಹೇಳಿದರೂ ಅರ್ಥವಾಗುತ್ತದೆ, ಒಂದಕ್ಷರ ಬಿಡದೆ. ಹೋಗಬೇಕು. ಅವಳ ಸ್ಟೂಲ್ ಎಳೆದುಕೊಂಡು ಕೂರಬೇಕು. ಮೇಸ್ತ್ರಿಗಳೇ, ಅನ್ನಬೇಕು. ಆಮೇಲೆ