ಚಪ್ಪಾಳೆ ಸಿಗದವನ ಕಡೆ

ಉದಗೀರ,
18 ಆಗಸ್ಟ್ 2025

ಪ್ರೀತಿಯ ಜ್ಞಾನ್ಯಾ,

ಅವ್ವನ ಆಶೀರ್ವಾದ. ಹೇಗಿದ್ದೀಯಪ್ಪ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಗುಳ್ಳೆ ಎದ್ದಿದ್ದವಲ್ಲ, ಮಾಯ್ದವೇ? ನನಗೆ ಬಿ.ಪಿ. ಸ್ವಲ್ಪ ಏರಿದೆ, ಗುಳಿಗೆ ತಪ್ಪಿಸುತ್ತಿಲ್ಲ. ಫೋನಿನಲ್ಲಿ ನೀನು ಅತ್ತರೆ ನಾನೂ ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿಯವರು ಮುಂದಿನ ಬಂದರಿನಲ್ಲಿ ನಿನಗೆ ತಲುಪಿಸುತ್ತಾರಂತೆ.

ನಿನ್ನಪ್ಪ ಹೋದ ಮೇಲೆ ಟಿ.ವಿ. ಹಚ್ಚಿಲ್ಲ. ವಿಂಬಲ್ಡನ್ ಬಂತೆಂದರೆ ನೀವಿಬ್ಬರೂ ಎಷ್ಟು ಜಗಳ ತೆಗೆಯುತ್ತಿದ್ದಿರಿ. ಒಮ್ಮೆ ಪಕ್ಕದ ಸರುಬಾಯಿ, ಅಪ್ಪ-ಮಗ ಹೊಲದ ಪಾಲಿಗೆ ಹೊಡೆದಾಡುತ್ತಿದ್ದಾರೆಂದು ಓಡಿ ಬಂದಿದ್ದಳು. ಕಾಲೇಜಿನ ಹುಡುಗರಿಗೆ ಟೆನಿಸ್ ಕಲಿಸಿದ ನಿನ್ನಪ್ಪನಿಗೆ ಫೆಡರರ್ ಒಬ್ಬನೇ ದೊಡ್ಡವನು. “ಆಡೂದು ನೋಡಲೇ, ಅಂಗಿ ಸುದ್ದಾ ಮಾಸಂಗಿಲ್ಲ” ಎನ್ನುತ್ತಿದ್ದರು. ನೀನು ನಡಾಲ್ ಕಡೆ. “ಮಣ್ಣಿನ ಅಂಗಳದಾಗ ಅಂವನ್ನ ಯಾರು ಸೋಲಸ್ತಾರ, ಹೇಳ್ರಿ?” ನಾನು ಜೊಕೊವಿಚ್‌ನನ್ನು ಹಿಡಿದೆ, ಮೈದಾನದ ಮಂದಿಯೆಲ್ಲ ಎದುರಾಳಿಗೇ ಚಪ್ಪಾಳೆ ಹೊಡೆಯುವುದನ್ನು ನೋಡಲಾಗದೆ. “ನಿಮ್ಮವ್ವ ಆಟ ನೋಡಂಗಿಲ್ಲ, ಮಂದಿ ನೋಡತಾಳ” ಎಂದು ನಗುತ್ತಿದ್ದರು.

ನಡಾಲ್ ಆಟ ಬಿಟ್ಟ ದಿನ ನೀನು ಸಮುದ್ರದಲ್ಲಿದ್ದೆ. ಅಷ್ಟು ವರ್ಷ ಅವನನ್ನು ಬೈದ ನಿನ್ನಪ್ಪ ಅಂದು ಕಣ್ಣೊರೆಸಿಕೊಂಡರು. “ಅಲ್ಲಿ ನಮ್ಮ ಪೋರಗ ಯಾರು ಸಮಾಧಾನ ಮಾಡತಾರ?” ಎಂದರು.

ಈ ಜುಲೈನಲ್ಲಿ ಜೊಕೊವಿಚ್ ಸೆಮಿಫೈನಲ್ ಸೋತು ಹೊರಗೆ ನಡೆದಾಗ ನಾನು ಟಿ.ವಿ. ಆರಿಸಿಬಿಟ್ಟೆ. ಅವರು ಪಕ್ಕಕ್ಕೆ ಬಂದು, “ಗೆದ್ದ ಕಪ್ಪಿನ ಲೆಕ್ಕದಾಗ ನಿನ್ನ ಹುಡುಗನಽ ದೊಡ್ಡಾಂವ, ಜಗದೇವಿ. ಜ್ಞಾನ್ಯಾಗ ಹೇಳಬ್ಯಾಡ” ಎಂದರು. ನೋಡು, ಹೇಳಿಬಿಟ್ಟೆ.

ಅದರ ಮುಂದಿನ ವಾರ ಸ್ನಾನಕ್ಕೆಂದು ಎದ್ದವರು ಬಚ್ಚಲಿನ ಬಾಗಿಲಲ್ಲೇ ಕುಸಿದರು. ಲಕ್ವಾ ಎಂದರು ಡಾಕ್ಟರು. ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು ಮಾತ್ರ ವಾರ್ಡಿನ ಬಾಗಿಲು ಬಿಡಲಿಲ್ಲ. ಯಾರು ಒಳಗೆ ಬಂದರೂ ತಲೆ ಎತ್ತುವರು, ನೋಡಿ ಮತ್ತೆ ದಿಂಬಿಗೆ ಬಿಡುವರು. ನಿನ್ನ ಹಡಗು ನಡುನೀರಿನಲ್ಲಿತ್ತು, ನೀನಾದರೂ ಏನು ಮಾಡುವೆ. ಕಾಸಾರಶಿರಸಿಯಿಂದ ಬಂದ ನಿನ್ನ ಕಾಕಾ ಮಲ್ಲಣ್ಣನವರೇ ಮಣ್ಣು ಕೊಟ್ಟರು. ಮನೆದೇವರು ಬೀರಪ್ಪನ ಭಂಡಾರ ಹಣೆಗೆ ಹಚ್ಚಿ ಕಳಿಸಿದೆವು. ಅವರ ಕೈಯಲ್ಲಿ ಆಟ ಕಲಿತವರು ಬಹಳ ಮಂದಿ ಬಂದಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣು. ಬೀರಪ್ಪ ನಿನ್ನನ್ನೂ ನಿನ್ನ ಹಡಗಿನವರನ್ನೂ ಕಾಯಲಿ.

ನಿನ್ನ ಅವ್ವ,
ಜಗದೇವಿ

ಇನ್ನೊಂದು ಮಾತು: ನಿನ್ನ ತಂಗಿ ಶೀತಲ ಅಂಚೆಗೆ ಹೊರಟು ನಿಂತಿದ್ದಾಳೆ, ಅವಳಿಗೂ ಇದು ಗೊತ್ತಿಲ್ಲ. ಕೊನೆಯ ಸಂಜೆ ಅವರು ಬಾಗಿಲು ನೋಡುವುದನ್ನು ತಾಳಲಾಗದೆ ಕಿವಿಯಲ್ಲಿ ಸುಳ್ಳು ಹೇಳಿದೆ: “ಜ್ಞಾನ್ಯಾ ಬಂದಾನರೀ. ಸ್ಟೇಶನ್‌ನ್ಯಾಗ ಇಳದಾನ, ಆಟೋದಾಗ ಬರಲತ್ತಾನ.” ಎಡಗೈಯಿಂದ ನನ್ನ ಕೈ ಹಿಸುಕಿದರು. ಆಮೇಲೆ ಬಾಗಿಲ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿದರು. ಬರಲಾಗಲಿಲ್ಲವೆಂದು ಇನ್ನು ಅಳಬೇಡಪ್ಪ. ಅವರ ಪಾಲಿಗೆ ನೀನು ಬಂದಿದ್ದೆ.