ಮುರಿಗೆವ್ವನ ಉಡಿಯಲ್ಲಿ ಕಸ್ತೂರಿ

೬ ಜನವರಿ ೧೯೭೬, ಬೆಳಗಿನ ನಾಲ್ಕೂವರೆ

ಚಕ್ಕಡಿ ಗಾಲಿಯ ಕಿರಕಿರಿಗೆ ಎಚ್ಚರ. ಕೆಳಗಿನ ಅಡತಿ ಅಂಗಡಿಗೆ ಶೇಂಗಾ ಚೀಲ ಇಳಿಸುತ್ತಿದ್ದಾರೆ. ಎಚ್ಚರ ಅನ್ನುವುದೂ ಸುಳ್ಳು, ನಿದ್ದೆ ಹತ್ತಿದ್ದರೆ ತಾನೆ. ಕಸ್ತೂರಿಗೆ ಹಲ್ಲು ಬರುತ್ತಿವೆ. ಅತ್ತರೆ ಎದ್ದು ಕೂಡುತ್ತೇನೆ. ಅಳದಿದ್ದರೆ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತೇನೆ — ಉಸಿರು ಇದೆಯೋ ಇಲ್ಲವೋ... ಇವರು ಇದ್ದಿದ್ದರೆ ಬೈಯುತ್ತಿದ್ದರು. ಬಬಲೇಶ್ವರದ ಸೊಸಾಯಿಟಿಯಲ್ಲಿ ನೌಕರಿ, ಅಲ್ಲೇ ಹಿಂದಿನ ಕೋಣೆಯಲ್ಲಿ ವಾಸ. ವಿಜಾಪುರಕ್ಕೆ ಬರುವುದು ಶನಿವಾರ.

ಆರಕ್ಕೆ ಗ್ರೌಂಡಿನಲ್ಲಿರಬೇಕು. ಧಾರವಾಡದ ಟೂರ್ನಮೆಂಟಿಗೆ ಇನ್ನು ಎರಡು ವಾರ ಇದೆ. ನಮ್ಮ ಮಹಿಳಾ ಕಾಲೇಜಿನ ಖೊಖೊ ಟೀಮು ಇದುವರೆಗೂ ಮೊದಲ ಸುತ್ತು ದಾಟಿಲ್ಲ. ನಾನು ಆಡುವಾಗಲೂ ದಾಟಲಿಲ್ಲ. ಆಡಿದೆ, ಸಿ.ಪಿ.ಎಡ್. ಮಾಡಿದೆ, ತಿಕೋಟಾದ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿದೆ, ಈಗ ಅದೇ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕೋಚ್. ಈ ಸಲ ದಾಟಿದರೆ ಕಾಯಂ ಮಾಡಬಹುದು ಅಂತ ಆಫೀಸಿನಲ್ಲಿ ಮಾತಿದೆ.

೧೨ ಜನವರಿ

ಕೂಸನ್ನು ಬಿಡಲು ಯಾರೂ ಸಿಗಲಿಲ್ಲ. ಗ್ರೌಂಡಿಗೇ ಒಯ್ದು ಗೆರೆಯ ಹೊರಗೆ ಚಾದರ ಹಾಸಿ ಕೂಡಿಸಿದೆ. ಸೀಟಿ ಊದಿ ಈ ಕಡೆ ತಿರುಗುವುದರೊಳಗೆ ಅಂಬೆಗಾಲಿಟ್ಟು ಕಂಬದ ಹತ್ತಿರ ಬಂದುಬಿಟ್ಟಿದ್ದಾಳೆ! ಜುಲೇಖಾ ಡೈವ್ ಹೊಡೆದವಳು ಗಾಳಿಯಲ್ಲೇ ಮೈ ತಿರುಗಿಸಿ ಆಚೆ ಬಿದ್ದಳು. ಮೊಣಕೈ ಸುಲಿಯಿತು.

"ಬಾಯಾರ, ನಿಮ್ಮ ಕೂಸು ನನ್ನ ಔಟ್ ಮಾಡ್ತು ನೋಡ್ರಿ!"

ಹುಡುಗಿಯರೆಲ್ಲ ನಕ್ಕರು. ನಾನು ಓಡಿಹೋಗಿ ಕೂಸನ್ನು ಎತ್ತಿಕೊಂಡೆ. ಪ್ರಿನ್ಸಿಪಾಲರು ವರಾಂಡದಿಂದ ನೋಡಿದ್ದರು. "ಇದೇನ ಗ್ರೌಂಡೋ, ಬಾಣಂತಿ ಕೋಣಿಯೋ?" ಎಂದರು. ನಾಳೆಯಿಂದ ಕೂಸನ್ನು ತರಕೂಡದು.

೧೭ ಜನವರಿ, ಶನಿವಾರ

ಇವರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಮುರಿಗೆವ್ವ, ಕಳ್ಳಕವಟಗಿಯವರು. ಗಂಡ ಅಮರಪ್ಪನವರಿಗೆ ತಿಕೋಟಾದಲ್ಲಿ ಕಿರಾಣಿ ಅಂಗಡಿ. ಲಗ್ನವಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲ. ಬಂದವರೇ ಕಸ್ತೂರಿಯ ಅಂಗಾಲಿಗೆ ಮುತ್ತು ಕೊಟ್ಟರು. "ನೀ ಧಾರವಾಡಕ್ಕ ಹೋಗಿ ಬಾ, ಇಂದೂ. ನಾ ನೋಡ್ಕೋತೇನಿ." ಎದೆಯ ಭಾರ ಇಳಿಯಿತು.

ಸಂಜೆ ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆಸಿದರು. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗು ಹರವಿದರು. "ಬರೇ ಕೈಲೆ ಕೊಡಬ್ಯಾಡ ಯವ್ವಾ. ಉಡಿಯಾಗ ಹಾಕಿ ಕೊಡು." ಮೊದಲು ಅಕ್ಕಿ, ಕೊಬ್ಬರಿ ಬಟ್ಟಲು. ಆಮೇಲೆ ಕೂಸು. ಪೇಟೆಯಲ್ಲಿ ಬೆಳೆದವಳು ನಾನು, ಇಂಥದ್ದು ಕಂಡಿಲ್ಲ. ಪ್ರಯಾಣಕ್ಕೆ ಒಳ್ಳೆಯದಾಗಲಿ ಅಂತ ಹಳ್ಳಿಯ ಕಡೆ ಮಾಡುವುದು ಇರಬೇಕು ಅಂದುಕೊಂಡೆ. ಹೆಂಗಸರು ಆರತಿ ಮಾಡಿದರು. ಮುರಿಗೆವ್ವ ಬಿಕ್ಕಿ ಬಿಕ್ಕಿ ಅತ್ತರು. ಇವರು ಬಾಗಿಲ ಹತ್ತಿರ ತಲೆ ಬಗ್ಗಿಸಿಕೊಂಡು ನಿಂತಿದ್ದರು.

೨೧ ಜನವರಿ, ಧಾರವಾಡ

ಸೆಮಿಫೈನಲ್ ಮುಟ್ಟಿದೆವು! ಹುಡುಗಿಯರು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಣಿಯುತ್ತಿದ್ದಾರೆ.

ಎದೆ ಕಟ್ಟಿ ಕಲ್ಲಾಗಿದೆ. ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲಿದೆ. ಹೊರಗೆ ಜುಲೇಖಾ ಕಾವಲು. "ಅಳಬ್ಯಾಡ್ರಿ ಬಾಯಾರ. ಫೈನಲ್ ಗೆದ್ದು ಮನೀಗಿ ಹೋಗೂಣು. ಕೂಸು ಎಲ್ಲಿ ಓಡಿ ಹೋಗ್ತೈತ್ರಿ?"

೨೩ ಜನವರಿ

ರನ್ನರ್ಸ್‌ಅಪ್. ಸ್ಟೇಷನ್ನಿನಿಂದ ಟಾಂಗಾ ಹಿಡಿದು ಜೋರಾಪುರ ಪೇಟೆಗೆ ಬಂದರೆ ಮನೆಗೆ ಕೀಲಿ. ಅಕ್ಕ ಕೂಸನ್ನು ಕಳ್ಳಕವಟಗಿಗೆ ಕರೆದುಕೊಂಡು ಹೋಗಿದ್ದಾರಂತೆ. ಕೀಲಿ ಕೊಟ್ಟ ಅಂಗಡಿಯವರು ಹೇಳಿದರು. ಮೂಗಿನ ಕೆಳಗೆ ಬೆರಳು ಹಿಡಿಯಲು ಯಾರೂ ಇಲ್ಲ.

೮ ಫೆಬ್ರುವರಿ, ಭಾನುವಾರ

ಇಷ್ಟು ದಿನ ಇವರು ಇವತ್ತು ನಾಳೆ ಅಂದರು. ಕೊನೆಗೆ ಇವತ್ತು ಇಬ್ಬರೂ ಹೋದೆವು. ಕೈ ಚಾಚಿದೆ. ಕಸ್ತೂರಿ ನನ್ನ ಮುಖ ನೋಡಿದಳು, ಮುರಿಗೆವ್ವನ ಕೊರಳಲ್ಲಿ ಮುಖ ಮುಚ್ಚಿಕೊಂಡಳು.

"ಒಯ್ತೇನ್ರಿ ಅಕ್ಕಾ," ಅಂದೆ.

"ಏನ ಒಯ್ತಿ? ಐದು ಮಂದಿ ಮುತ್ತೈದ್ಯಾರ ಮುಂದ ಉಡಿಯಾಗ ಹಾಕೀದಿ. ಹಾಕಿದ ಕೂಸು ಈಗ ನಂದು. ಕಸಗೊಂಡು ಹೋದ್ರ ನನ್ನ ಉಡಿ ಸಾಯೂತನಕ ಬರಿದ."

"ನಂಗ ಗೊತ್ತಿರ್ಲಿಲ್ರಿ..."

"ಕಾಲೇಜ ಕಲ್ತಾಕಿ, ಗೊತ್ತಿರ್ಲಿಲ್ಲ ಅಂತಿ! ನನ್ನ ತಮ್ಮಗ ಗೊತ್ತಿತ್ತಲ್ಲ?"

ಸಿಟ್ಟಿನಿಂದ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ನನಗಿಂತ ಹೆಚ್ಚು ಅಂಜಿದ್ದರು. ಅವರನ್ನು ದ್ವೇಷಿಸಲೂ ಆಗುತ್ತಿಲ್ಲ ನನಗೆ.

ಬಸ್ಸಿನಲ್ಲಿ ಕೇಳಿದೆ — ನಿಮಗೆ ಗೊತ್ತಿತ್ತೇನ್ರಿ? ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದರು. "ನಿನಗ ಗ್ರೌಂಡ ಸಿಕ್ತು, ಅಕ್ಕಗ ಕೂಸ ಸಿಕ್ತು. ಯಾರಿಗೆ ಲುಕ್ಸಾನ ಹೇಳು?"

೨ ಮಾರ್ಚ್

ಕಾಯಂ ಆರ್ಡರ್ ಬಂತು. ಹುಡುಗಿಯರು ಪೇಢೆ ತಂದರು, ಬಾಯಿಗೆ ತುರುಕಿದರು. ಸಹಿ ಮಾಡುವಾಗ ಕೈ ಗಟ್ಟಿ ಇತ್ತು. ಆಶ್ಚರ್ಯ.

ಹಾಲು ಪೂರ್ತಿ ಬತ್ತಿದೆ.

೧೩ ಮಾರ್ಚ್, ಶನಿವಾರ

ಇವರು ಊಟಕ್ಕೆ ಕೂತಾಗ ಹೇಳಿದರು. ಬರುವ ಗುರುವಾರ ಕಳ್ಳಕವಟಗಿಯಲ್ಲಿ ತೊಟ್ಟಿಲು. ಹೊತ್ತು ಹುಟ್ಟುವ ಮೊದಲೇ ಹೊಸ ಹೆಸರು ಇಟ್ಟು, ಮುರಿಗೆವ್ವ ಮತ್ತು ಅಮರಪ್ಪನವರ ಮಗಳು ಅಂತ ಹಿರಿಯರ ಮುಂದೆ ಕೂಗುತ್ತಾರೆ. ಆಮೇಲೆ ತಿರುಗಿ ಕೇಳುವಂತಿಲ್ಲ.

"ಏನಂತಿ?"

ಹೂಂ ಅಂದೆ. ಹೂಂ ಅಂದೆ! ಅವಳು ನನ್ನ ಹತ್ತಿರ ಬರಲಿಲ್ಲವಲ್ಲ... ಅಲ್ಲಿ ನಗುತ್ತಾಳಲ್ಲ... ಮತ್ತೆ ರೊಟ್ಟಿ ಬಡಿಸಿದೆ.

೧೭ ಮಾರ್ಚ್, ಬುಧವಾರ, ಸಂಜೆ ಐದು

ಪ್ರ್ಯಾಕ್ಟಿಸ್ ಅರ್ಧಕ್ಕೆ ಬಿಟ್ಟು ಬಂದೆ. ಸೀಟಿ ಇನ್ನೂ ಕೊರಳಲ್ಲೇ ಇದೆ.

ಕೆಳಗಿನ ಅಂಗಡಿಯಿಂದ ತಿಕೋಟಾಕ್ಕೆ ಟ್ರಂಕ್ ಕಾಲ್ ಹಾಕಿದೆ. ಅಮರಪ್ಪನವರೇ ಎತ್ತಿದರು, ಅವರ ಕಿರಾಣಿ ಅಂಗಡಿಯಲ್ಲಿ. ನಾಳಿನ ತೊಟ್ಟಿಲು ಬೇಡ, ಕೂಸು ಬೇಕು ಅಂದೆ. "ನಿನ್ನ ಗಂಡ ಗುರಲಿಂಗಪ್ಪ ಒಂದು ಮಾತ ಹೇಳ್ಲಿ, ನಿಂದರಸ್ತೇನಿ. ಹೆಂಗಸರ ಮಾತಿಗೆ ನಾ ಹ್ಯಾಂಗ ನಿಂದರಸ್ಲಿ ಯವ್ವಾ?"

ಬಬಲೇಶ್ವರಕ್ಕೆ, ನಿಮ್ಮ ಸೊಸಾಯಿಟಿಗೆ ಹಾಕಿದೆ. ನೀವು ಎತ್ತಿದಿರಿ. ನನ್ನ ದನಿ ಕೇಳಿದ ಕೂಡಲೇ ಹೇಳಿದಿರಿ — "ಮಂದಿ ಕುಂತಾರ. ಫೋನಿನ್ಯಾಗ ಅಳಬ್ಯಾಡ. ಏನಿದ್ರೂ ಬರದ ಕಳಸು." ಇಟ್ಟುಬಿಟ್ಟಿರಿ.

ಬರೆಯಲು ಕೂತೆ. ನಾಲ್ಕು ಸಲ ಹರಿದೆ. ಜುಲೇಖಾ ಊರಿಗೆ ಹೊರಟಿದ್ದಾಳೆ, ಬಬಲೇಶ್ವರದ ಬಸ್ಸಿಗೆ. ಅವಳ ಕೈಯಲ್ಲಿ ಈ ಡೈರಿಯನ್ನೇ ಕಳಿಸುತ್ತೇನೆ. ಯಾರೂ ಓದಲಿ ಅಂತ ಬರೆದದ್ದಲ್ಲ. ಈಗ ನೀವು ಓದಿರಿ. ಮೊದಲಿನಿಂದ ಓದಿರಿ.

ಕಳ್ಳಕವಟಗಿಯ ಕಡೆ ಇವತ್ತಿನ ಬಸ್ಸು ಮುಗಿದವು, ನಾನು ನಾಳೆ ಮೊದಲ ಬಸ್ಸಿಗೇ ಹೋಗುತ್ತೇನೆ. ಆದರೆ ಅದು ಕಳ್ಳಕವಟಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಮರಪ್ಪನವರು ಈ ರಾತ್ರಿ ಅಂಗಡಿಯಲ್ಲೇ ಮಲಗಿ, ತೊಟ್ಟಿಲ ಸಾಮಾನು ತೆಗೆದುಕೊಂಡು ನಸುಕಿನಲ್ಲಿ ಜೀಪಿನಿಂದ ಊರಿಗೆ ಹೋಗುತ್ತಾರಂತೆ. ಅದಕ್ಕೆ ಮೊದಲೇ ಅವರಿಗೆ ನಿಮ್ಮ ಮಾತು ಮುಟ್ಟಬೇಕು.

ನೌಕರಿ ಬಿಡು ಅಂದರೆ ಬಿಡುತ್ತೇನೆ. ಬಿಡಬೇಡ ಅಂದರೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹುಡುಗಿಯರನ್ನು ಆಡಿಸುತ್ತೇನೆ, ಯಾರು ಏನಂದರೂ ಅನ್ನಲಿ. ಮುರಿಗೆವ್ವನ ಕಾಲು ನಾನೇ ಹಿಡಿಯುತ್ತೇನೆ, ನೀವು ಹಿಡಿಯಬೇಡಿ. ಕಸ್ತೂರಿ ನನ್ನ ಹತ್ತಿರ ಬರದಿದ್ದರೂ ಸರಿ, ಅಳಲಿ, ಒದೆಯಲಿ, ನನ್ನ ಮನೆಯಲ್ಲಿ ಅಳಲಿ.

ಸೊಸಾಯಿಟಿಯ ಕೀಲಿ ನಿಮ್ಮ ಹತ್ತಿರವೇ ಇದೆ. ಮಂದಿ ಎದ್ದು ಹೋಗಲಿ. ಆಮೇಲೆ ತಿಕೋಟಾಕ್ಕೆ ಫೋನ್ ಮಾಡಿರಿ. ಎಷ್ಟು ಹೊತ್ತಾದರೂ ಮಾಡಿರಿ. ಬೇರೇನೂ ಹೇಳುವುದು ಬೇಡ. ಕಸ್ತೂರಿ ನಮ್ಮವಳು ಅಂದರೆ ಸಾಕು... ಜುಲೇಖಾ ಕೂಗುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ — ರೀ, ಇದೊಂದು ಸಲ, ಬೆಳಗಾಗುವುದರೊಳಗೆ ಫೋನ್ ಮಾಡಿರಿ, ನಿಮ್ಮ ಕಾಲಿಗೆ