ಹಜಾರದ ಗೋಡೆ ಇಪ್ಪತ್ತು ಎನ್ನುತ್ತದೆ

ಕ್ಲೂನಾರ್ಡ್, ರಾಸ್‌ಕಾಮನ್
ಫೆಬ್ರುವರಿ ೨೨, ಬೂದಿ ಬುಧವಾರ

ಪ್ರೀತಿಯ ಡಿಂಪ್ನಾ ಅಕ್ಕನಿಗೆ,

ಇವತ್ತು ಒಪ್ಪತ್ತು. ಬೆಳಗ್ಗೆ ಹಾಲಿಲ್ಲದ ಚಹಾ, ಒಂದು ಚೂರು ಒಣ ಬ್ರೆಡ್ಡು. ಒಲೆಯ ಬೂದಿ ತೆಗೆದೆ, ಕೋಳಿಗಳನ್ನು ಬಿಟ್ಟೆ, ಅಮ್ಮನನ್ನು ಎಬ್ಬಿಸಿ ಮೈ ಒರೆಸಿ ಓಟ್ಸ್ ಗಂಜಿ ಕುಡಿಸಿದೆ, ಆಮೇಲೆ ಪೂಜೆಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಮಣ್ಣಿನಿಂದ ಬಂದವಳು ಮಣ್ಣಿಗೇ ಹೋಗುವೆ ಎಂದರು ಪಾದ್ರಿ. ಹೋಗುತ್ತೇನೆ ಸ್ವಾಮಿ, ಅದಕ್ಕೂ ಮೊದಲು ನನ್ನ ತಮ್ಮ ಮಲಾಕಿಗೆ ನಾಲ್ಕು ಮಾತು ಹೇಳುವುದಿದೆ ಎಂದುಕೊಂಡೆ.

ಕ್ರಿಸ್ಮಸ್ಸಿಗೆ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸು. ಎರಡು ಸಲ ಬರೆದು ಎರಡು ಸಲವೂ ಒಲೆಗೆ ಹಾಕಿದೆ. ಕೋಪದಲ್ಲಿ ಬರೆದದ್ದನ್ನು ಮಠದೊಳಗೆ ಕಳಿಸಬೇಡ, ಇಳಿಯುವವರೆಗೆ ಕಾಯಿ ಎಂದಿದ್ದರು ಪಾದ್ರಿ. ಕಾದೆ. ಇಳಿಯಲಿಲ್ಲ. ಹಾಗಾಗಿ ಕೋಪದಲ್ಲೇ ಬರೆಯುತ್ತಿದ್ದೇನೆ.

ನೀನು ಸನ್ಯಾಸಿನಿಯಾಗಿ ಮಠದ ಸರಳಿನ ಆಚೆ ಹೋಗಿ ಮೂವತ್ತೆರಡು ವರ್ಷವಾಯಿತು. ನಿನ್ನ ನೆನಪಿನಲ್ಲಿರುವ ಮನೆಗೆ ಅಡುಗೆಮನೆಯ ಒಲೆಯೊಂದೇ ಬಿಸಿ. ಕಳೆದ ಅಕ್ಟೋಬರಿನಲ್ಲಿ ಸರ್ಕಾರದ ನೆರವಿನಿಂದ ಹೊಸ ಬಾಯ್ಲರ್ ಬಂತು. ಅದು ಹಿತ್ತಲಲ್ಲಿ ನಿಂತು ಸೀಮೆಎಣ್ಣೆ ಉರಿಸಿ ಕೋಣೆ ಕೋಣೆಯ ರೇಡಿಯೇಟರಿಗೆ ಬಿಸಿನೀರು ಕಳಿಸುತ್ತದೆ. ಪ್ರತಿ ರೇಡಿಯೇಟರಿಗೂ ಒಂದು ತಿರುಪು, ಅದರ ಮೇಲೆ ಒಂದರಿಂದ ಐದರವರೆಗೆ ಅಂಕಿ. ಎಲ್ಲಕ್ಕೂ ಯಜಮಾನ ಹಜಾರದ ಗೋಡೆಯ ಮೇಲಿರುವ ಬಿಳಿ ಪೆಟ್ಟಿಗೆ. ಥರ್ಮೋಸ್ಟಾಟ್ ಅಂತ ಅದಕ್ಕೆ. ಇಪ್ಪತ್ತು ಡಿಗ್ರಿಗೆ ಇಟ್ಟರೆ, ಹಜಾರ ಇಪ್ಪತ್ತಾಯಿತು ಎಂದು ಅದಕ್ಕೆ ಅನ್ನಿಸಿದ ಕೂಡಲೇ ಬಾಯ್ಲರ್ ನಿಲ್ಲಿಸುತ್ತದೆ. ಕೂರಿಸಿದವನು ಟರ್ಲಾ ಕೀವನಿ. ಶಾಲೆಯಲ್ಲಿ ನಿನ್ನ ಹಿಂದಿನ ಬೆಂಚಿನಲ್ಲಿ ಮೂಗು ಸುರಿಸುತ್ತಿದ್ದನಲ್ಲ, ಅವನೇ.

ಬಾಯ್ಲರ್ ಬಂದ ದಿನದಿಂದ ನಮ್ಮ ಮಲಾಕಿಗೆ ಹೊಸ ಧರ್ಮ ಹಿಡಿಯಿತು. ಊರಿಗೆಲ್ಲ ಅಂಚೆ ಹಂಚುವವನು ಅವನೇ ತಾನೆ. ನಮಗೆ ಕಾಗದ ಇರಲಿ ಬಿಡಲಿ, ಹನ್ನೊಂದು ಗಂಟೆಗೆ ಹಾಜರು. ಟೋಪಿ ತೆಗೆಯುವ ಮೊದಲೇ ತಿರುಪುಗಳ ಪ್ರದಕ್ಷಿಣೆ. ಹೆಂಡತಿ ಜಾಸಿಂತಾಳ ಉಗುರುಬಣ್ಣ ತಂದು ಪ್ರತಿ ತಿರುಪಿಗೂ ಕೆಂಪು ಚುಕ್ಕೆ ಇಟ್ಟ.

"ಅಮ್ಮನ ಕೋಣೆ ನಾಲ್ಕು, ನಿನ್ನದು ಎರಡು, ಖಾಲಿ ಕೋಣೆ ಒಂದು. ಗೋಡೆ ಪೆಟ್ಟಿಗೇನ ಯಾರೂ ಮುಟ್ಟಬಾರ್ದು. ಮೂವತ್ತಕ್ಕೆ ತಿರುಗಿಸಿದ್ರೆ ಬೇಗ ಬಿಸಿಯಾಗತ್ತೆ ಅಂದ್ಕೋಬೇಡ ಗೊರೆಟ್ಟಿ, ಸುಮ್ನೆ ಎಣ್ಣೆ ಕುಡಿಯತ್ತೆ ಅಷ್ಟೆ."

"ಲೋ ಮಲಾಕಿ, ಹತ್ತು ಕಟ್ಟಳೆ ಪಾಲಿಸೋಕೇ ನನಗೆ ಆಗ್ತಿಲ್ಲ, ಹನ್ನೊಂದನೇದು ಬೇರೆ ತಂದ್ಯಾ?" ಎಂದೆ. ಅಮ್ಮ ನಕ್ಕಳು. ಆಗಿನ್ನೂ ನಗುವ ಕಾಲ.

ಅವನು ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಹಜಾರದಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಅಪ್ಪ ಹಾಕಿಸಿದ್ದ ಕೆಂಪು ಬಲ್ಬಿತ್ತಲ್ಲ, ನಾವು ಹುಟ್ಟಿದಾಗಿನಿಂದ ಆರದೆ ಉರಿದದ್ದು, ಅದರ ತಂತಿ ಕಿತ್ತುಹಾಕಿದ. "ಹಗಲೂ ರಾತ್ರಿ ಯಾಕೆ ಉರೀಬೇಕು? ದೇವರಿಗೆ ಕತ್ತಲಲ್ಲೂ ಕಣ್ಣು ಕಾಣತ್ತೆ" ಎಂದ. ನನ್ನ ಬಾಯಿಗೆ ಬಂದದ್ದನ್ನು ಇವತ್ತಿನ ದಿನ ಬರೆಯಬಾರದು. ಮರುದಿನವೇ ಕೆಂಪು ಗಾಜಿನ ಲೋಟದಲ್ಲಿ ದಪ್ಪ ಮೇಣದಬತ್ತಿ ಹಚ್ಚಿ ಪಟದ ಕೆಳಗಿನ ಹಲಗೆಯ ಮೇಲಿಟ್ಟೆ. ಅಮ್ಮ ಕೊನೆಯವರೆಗೂ ನನ್ನ ಕೈಯಲ್ಲೇ ಇರಲಿ ಎಂದು ಹರಕೆ ಹೊತ್ತೆ. ಒಂದು ಆರುವ ಮೊದಲು ಇನ್ನೊಂದು ಹಚ್ಚುತ್ತಾ ಬಂದೆ. ಒಂದು ದಿನವೂ ತಪ್ಪಲಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಚಳಿ ಹಲ್ಲು ಕಚ್ಚಿ ನಿಂತಿತು. ಅಮ್ಮನ ಕೋಣೆಯ ತಿರುಪು ಐದಕ್ಕೆ ಏರಿಸಿದರೂ ರೇಡಿಯೇಟರ್ ಸತ್ತ ಮೀನಿನ ಹಾಗೆ. ಹಜಾರಕ್ಕೆ ಹೋಗಿ ನೋಡಿದರೆ ಪೆಟ್ಟಿಗೆ ಇಪ್ಪತ್ತು ಎನ್ನುತ್ತದೆ.

"ಇಪ್ಪತ್ತಿದೆ ಗೊರೆಟ್ಟಿ. ಗೋಡೆಗೆ ಸುಳ್ಳು ಹೇಳೋಕೆ ಬರಲ್ಲ" ಎಂದ ಮಲಾಕಿ.

"ಗೋಡೆಗೆ ಬರಲ್ಲ. ಮುಟ್ಟಿ ಹೋಗೋರಿಗೆ ಬರತ್ತೆ."

ಇವನೇ ಕದ್ದು ಇಳಿಸಿ ಹೋಗುತ್ತಾನೆ ಎಂದು ನನಗೆ ಖಾತ್ರಿ. ಪೆಟ್ಟಿಗೆಯ ಗುಂಡಿಗೂ ಅಮ್ಮನ ಕೋಣೆಯ ತಿರುಪಿಗೂ ಕಪ್ಪು ದಾರ ಕಟ್ಟಿದೆ; ಯಾರಾದರೂ ತಿರುಗಿಸಿದರೆ ಹರಿಯಬೇಕು. ಒಂದು ವಾರ ನೋಡಿದೆ, ದಾರ ಹರಿಯಲಿಲ್ಲ. ಇಪ್ಪತ್ತು ವರ್ಷದಿಂದ ಅಂಚೆ ಕಟ್ಟು ಬಿಚ್ಚಿ ಕಟ್ಟಿದವನಿಗೆ ನನ್ನ ಗಂಟು ಯಾವ ಲೆಕ್ಕ ಎಂದುಕೊಂಡೆ. ಅಷ್ಟರಲ್ಲಿ ಅಮ್ಮನ ಹೊದಿಕೆಯೊಳಗೆ ಜಾಸಿಂತಾ ಹೆಣೆದ ಕವಚದ ಬಿಸಿನೀರಿನ ಚೀಲ ಸಿಕ್ಕಿತು. ನನ್ನ ಮನೆಯಲ್ಲಿ ಬಿಸಿನೀರಿಗೆ ಬರವೇ? ನಡೆದುಹೋಗಿ ಅವರ ಗೇಟಿನ ಮೇಲಿಂದ ಅಂಗಳಕ್ಕೆ ಎಸೆದು ಬಂದೆ.

ಫೆಬ್ರುವರಿ ಮೊದಲ ವಾರದಲ್ಲಿ ಅಮ್ಮನಿಗೆ ಎದೆ ಕಟ್ಟಿತು. ಊರಿನ ನರ್ಸ್ ಡೋಲನ್ ಬಂದವಳು ಎದೆ ನೋಡಿದಳು, ಆಮೇಲೆ ಚೀಲದಿಂದ ಉಷ್ಣಮಾಪಕ ತೆಗೆದು ಮೇಜಿನ ಮೇಲಿಟ್ಟಳು. ಹದಿಮೂರು.

"ಎಂಬತ್ತನಾಲ್ಕು ವರ್ಷದ ಹೆಂಗಸು ಮಲಗೋ ಕೋಣೆನಾ ಇದು? ಬೆಣ್ಣೆ ಇಡೋ ಕೋಣೆ ಹಾಗಿದೆಯಲ್ಲ. ನೋಡ್ಕೊಳ್ಳೋರು ಯಾರು?"

"ನಾನು" ಎಂದೆ. ಅಮ್ಮನ ಸೊಂಟ ಮುರಿದ ಮೇಲೆ ಒಂಬತ್ತು ವರ್ಷ ನಾನೇ ಎಂದೆ.

ಬಾಗಿಲಲ್ಲಿ ನಿಂತಿದ್ದ ಮಲಾಕಿ ಬಾಯಿ ಹಾಕಿದ. "ನಮ್ಮಕ್ಕ ಕಷ್ಟಪಡ್ತಾಳೆ ಸಿಸ್ಟರ್. ಆದ್ರೆ ಅವಳಿಗೆ ಜಪ ಜಾಸ್ತಿ. ದಿನವಿಡೀ ಬಿಸಿ ಅಡುಗೆಮನೇಲಿ ಇರ್ತಾಳೆ. ಅಮ್ಮನ್ನ ನಮ್ಮ ಮನೆಗೆ ಕರ್ಕೊಂಡು ಹೋಗೋಣ ಅಂತ."

ಜಪ ಜಾಸ್ತಿಯಂತೆ! ಅವನ ಮೂರು ಮಕ್ಕಳಿಗೆ ಕೆಮ್ಮು ಬಂದಾಗ ಯಾರ ಜಪಮಾಲೆ ಬೇಕಿತ್ತು? ಬರುವ ಸೋಮವಾರ ಆಸ್ಪತ್ರೆಯವರ ಕಚೇರಿಯಲ್ಲಿ ನಾವೆಲ್ಲ ಕೂತು ಅಮ್ಮ ಎಲ್ಲಿರಬೇಕು ಎಂದು ತೀರ್ಮಾನಿಸಬೇಕಂತೆ. ನನ್ನ ಅಮ್ಮನನ್ನು ಮೇಜಿನ ಮೇಲಿಟ್ಟು ಹಂಚಿಕೊಳ್ಳುವುದಂತೆ.

ಸಾಕ್ಷಿ ಬೇಕಿತ್ತು ನನಗೆ. ಮಲಾಕಿಯ ಕೈಚಳಕವನ್ನು ಹೊರಗಿನವರ ಬಾಯಲ್ಲಿ ಹೇಳಿಸಬೇಕೆಂದು ಟರ್ಲಾನನ್ನು ಕರೆಸಿದೆ. ನಿನ್ನೆ ಬಂದ. ಉಪವಾಸದ ಹಿಂದಿನ ದಿನ ತಾನೆ, ಮನೆಯಲ್ಲಿದ್ದ ಮೊಟ್ಟೆ ಬೆಣ್ಣೆ ಮುಗಿಸಲು ಪ್ಯಾನ್‌ಕೇಕ್ ಹೊಯ್ಯುತ್ತಿದ್ದೆ. ಅವನು ಬಾಯ್ಲರ್ ನೋಡಿದ, ರೇಡಿಯೇಟರ್ ಮುಟ್ಟಿದ, ನನ್ನ ದಾರ ನೋಡಿ ಹುಬ್ಬೇರಿಸಿದ. ಆಮೇಲೆ ಹಜಾರದಲ್ಲಿ ನಿಂತವನು ನಿಂತೇ ಇದ್ದ. ಹೋಗಿ ನೋಡಿದರೆ ಅಂಗೈಯನ್ನು ಮೇಣದಬತ್ತಿಯ ಮೇಲೆ ಹಿಡಿದಿದ್ದಾನೆ. ಅಂಗೈಯಿಂದ ಒಂದು ಗೇಣು ಮೇಲೆ ಬಿಳಿ ಪೆಟ್ಟಿಗೆ.

"ಗೊರೆಟ್ಟಿ, ಇದು ಯಾವಾಗಿಂದ ಉರೀತಿದೆ?"

"ಅಕ್ಟೋಬರಿಂದ. ಆರಿಲ್ಲ" ಎಂದೆ ಹೆಮ್ಮೆಯಿಂದ.

"ಈ ಪೆಟ್ಟಿಗೆಗೆ ಮನೆ ಚಳಿ ಗೊತ್ತೇ ಇಲ್ಲ ಮಾರಾಯ್ತಿ. ಅದಕ್ಕೆ ಗೊತ್ತಿರೋದು ನಿನ್ನ ಬತ್ತಿ ಒಂದೇ. ತನ್ನ ಕಾಲಡಿ ಬೆಚ್ಚಗಿದೆ, ಲೋಕವೆಲ್ಲ ಬೆಚ್ಚಗಿದೆ ಅಂತ ಬಾಯ್ಲರ್ ಆರಿಸ್ತಾ ಕೂತಿದೆ."

ಬಗ್ಗಿ ಊದಿಬಿಟ್ಟ. ನನ್ನನ್ನು ಕೇಳಲಿಲ್ಲ, ಶಿಲುಬೆಯ ಗುರುತೂ ಹಾಕಲಿಲ್ಲ. ಅಂಕಿ ಇಳಿಯಿತು: ಹತ್ತೊಂಬತ್ತು, ಹದಿನಾರು, ಹದಿಮೂರು. ಹಿತ್ತಲಲ್ಲಿ ಬಾಯ್ಲರ್ ಗುಡುಗಿತು.

"ಅಲ್ಲಿ ಯಾಕೋ ಇಟ್ಟೆ ಅದನ್ನ?" ಎಂದು ಅವನ ಮೇಲೆ ಹರಿಹಾಯ್ದೆ.

"ನಾನಿಟ್ಟಾಗ ಕೆಳಗೆ ಹಲಗೆ ಖಾಲಿ ಇತ್ತಲ್ಲೇ! ನಾನೇನು ನಿನ್ನ ಹರಕೆ ಕನಸು ಕಾಣ್ಲಾ?"

ಸರಿಯಾಗಿ ಆ ಹೊತ್ತಿಗೆ ಮಲಾಕಿ ಬಂದ. ಕೇಳಿದ. ಅಂಚೆಚೀಲ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕ. "ಅಯ್ಯೋ ಗೊರೆಟ್ಟಿ, ಪ್ರಾರ್ಥನೆ ಮಾಡಿ ಮಾಡಿ ಅಮ್ಮನಿಗೆ ಎದೆ ಕಟ್ಟಿಸಿದ್ಯಲ್ಲೇ!"

ಕೈಯಲ್ಲಿದ್ದ ಸಟ್ಟುಗ ನೆಲಕ್ಕೆ ಬಡಿದೆ. "ಬಲ್ಬು ಕಿತ್ತೋನು ಯಾರೋ? ಅಪ್ಪ ಹಚ್ಚಿದ ದೀಪ ಆರಿಸಿದೋನು ಯಾರು? ನೀನು ಅದನ್ನ ಕೀಳದೆ ಇದ್ದಿದ್ರೆ ನಾನು ಬತ್ತಿ ಹಚ್ತಿದ್ನಾ?"

ಅವನ ನಗು ನಿಂತಿತು. ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದು, ಅಮ್ಮನ ಕೋಣೆಯ ಬಾಗಿಲು ನೋಡಿ ಮುಚ್ಚಿಕೊಂಡ. ಚೀಲ ಎತ್ತಿಕೊಂಡು ಹೋದ. ಉತ್ತರವಿಲ್ಲದವನು ಹೋಗಲೇಬೇಕಲ್ಲ.

ಅವನು ಬಾಯಿ ಮುಚ್ಚಿದರೆ ಟರ್ಲಾ ಮುಚ್ಚುತ್ತಾನೆಯೇ? ಬೆಳಗ್ಗೆ ಬೂದಿಗೆ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು: "ಮೇಣದಬತ್ತಿ ಹತ್ರ ನಿಂತ್ಕೋಬೇಡ ಗೊರೆಟ್ಟಿ, ಚರ್ಚಿನ ಬಾಯ್ಲರ್ ನಿಂತ್ ಹೋದೀತು." ಇಡೀ ಸಾಲು ಬಾಯಿಗೆ ಕೈ ಅಡ್ಡ ಹಿಡಿಯಿತು. ಹಣೆಯ ಬೂದಿ ಕೆಂಡವಾಗಿತ್ತು ನನಗೆ.

ಮಲಾಕಿಯ ಮೇಲೆ ಕೋಪ, ಟರ್ಲಾನ ಮೇಲೆ ಕೋಪ. ಮೇಲಿರುವವನ ಮೇಲೂ ಇದೆ, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನಾಲ್ಕು ತಿಂಗಳು ಅವನ ಕಾಲ ಬುಡದಲ್ಲೇ ಉರಿಯುತ್ತಿತ್ತು. ಒಮ್ಮೆ ಗಾಳಿ ಬೀಸಿ ಆರಿಸಲು ಅವನಿಗೆ ಕೈ ಬರಲಿಲ್ಲವೇ?

ಅಮ್ಮನ ಕೆಮ್ಮು ಇಳಿಯುತ್ತಿದೆ, ಹೆದರಬೇಡ. ನಿನ್ನ ಉಪವಾಸಗಳು ಹಗುರವಾಗಿ ಸಾಗಲಿ, ಮಂಡಿನೋವು ಕಡಿಮೆಯಾಗಲಿ, ತಾಯಿ ಮರಿಯಮ್ಮ ನಿನ್ನನ್ನು ಸೆರಗಿನೊಳಗೆ ಇಟ್ಟುಕೊಳ್ಳಲಿ.

ನಿನ್ನ ತಂಗಿ,
ಗೊರೆಟ್ಟಿ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಇದನ್ನೂ ಬರೆದುಬಿಡುತ್ತೇನೆ.

ನಿನ್ನೆ ಸಂಜೆ ಅಮ್ಮನ ಕೋಣೆ ಬೆಚ್ಚಗಾಯಿತು. ಶಾಲು ತೆಗೆದಿಟ್ಟು ಪ್ಯಾನ್‌ಕೇಕ್ ಎರಡು ತಿಂದಳು. ನಾನು ಕೇಳಿದೆ: "ಇಷ್ಟು ದಿನ ಚಳಿಯಾಗ್ತಿದ್ರೆ ಒಂದು ಮಾತು ಹೇಳಬಾರ್ದಿತ್ತೇನಮ್ಮ?"

"ಹೇಳಿದ್ನಲ್ಲ."

"ಯಾರಿಗೆ?"

"ಮಲಾಕಿಗೆ. ಪಾಪ, ದಿನಾ ಅಂಚೆಚೀಲದಲ್ಲಿ ಬಿಸಿನೀರಿನ ಚೀಲ ಮುಚ್ಚಿಟ್ಕೊಂಡು ತರ್ತಿದ್ದ. ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

ಅಮ್ಮ ಹೊದಿಕೆಯ ಅಂಚನ್ನು ಸರಿಮಾಡಿಕೊಂಡಳು. ಮತ್ತೆ ಸರಿಮಾಡಿಕೊಂಡಳು. "ನಿನಗೆ ಹೇಳೋಕೆ ಭಯ ಆಗ್ತಿತ್ತು ಮಗಳೇ. ನೀನು ಕೂಗಾಡ್ತೀಯ."

ಅಕ್ಕ, ಸೋಮವಾರ ಅವರು ಕೇಳಿದಾಗ ನಾನೇನು ಹೇಳಲಿ? ರೇಡಿಯೇಟರ್ ಸರಿಯಾಯಿತು ಎನ್ನಲೇ? ಹದಿನೆಂಟು ವರ್ಷ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದವರು. ನಿನಗೂ ನನ್ನನ್ನು ಕಂಡರೆ ಭಯವಿತ್ತೇ? ಸನ್ಯಾಸಿನಿಯ ಹಾಗೆ ಸಮಾಧಾನ ಬರೆಯಬೇಡ, ಅಕ್ಕನ ಹಾಗೆ ನಿಜ ಬರೆ.

ಅಂಚೆಗೆ ಮಾತ್ರ ಹಾಕಬೇಡ. ಆ ಉತ್ತರವನ್ನು ಮಲಾಕಿಯ ಕೈಯಿಂದ ಇಸಿದುಕೊಳ್ಳುವ ಧೈರ್ಯ ನನಗಿಲ್ಲ. ಈ ಕಾಗದವನ್ನು ಪಟ್ಟಣದ ಅಂಚೆಪೆಟ್ಟಿಗೆಗೆ ನಾನೇ ಹಾಕಿಬರುತ್ತೇನೆ. ಪೂಜೆಯಲ್ಲಿ ಹಂಚಲು ನೀವು ಸುಡುವ ರೊಟ್ಟಿಬಿಲ್ಲೆಗಳನ್ನು ಒಯ್ಯಲು ನಮ್ಮ ಚರ್ಚಿನ ಮುದುಕ ಫೆಸ್ಟಿ ಶನಿವಾರ ನಿಮ್ಮ ಮಠದ ಕಿಂಡಿಗೆ ಬರುತ್ತಾನೆ. ಒಂದು ಸಾಲಾದರೂ ಸರಿ, ಬಿಲ್ಲೆಗಳ ಡಬ್ಬಿಯ ಜೊತೆ ಅವನ ಕೈಗೆ ಕೊಡು, ತಂದುಕೊಡಲಿ.